ಹೆತ್ತವರ ಹಕ್ಕು ಮತ್ತು ವಯಸ್ಸಿನ ಗೆರೆ

ಬೀದರ ಜಿಲ್ಲೆಯ ಚಿಟಗುಪ್ಪ, ಹುಮನಾಬಾದ, ಬಸವಕಲ್ಯಾಣಗಳ ಸೀಮೆಗೆ ವೈಶಾಖ ಶುದ್ಧ ತದಿಗೆಯೆಂದರೆ ದೊಡ್ಡ ದಿನ. ಅಂದು ಬಸವಜಯಂತಿ, ಅಂದೇ ಅಕ್ಷಯ ತದಿಗೆ. ಪಂಚಾಂಗ ತೆರೆದು ಮುಹೂರ್ತ ನೋಡಬೇಕಾಗಿಲ್ಲದ ಶುಭದಿನವೆಂಬ ನಂಬಿಕೆಯಿಂದ ಅಂದು ಊರೂರಿನಲ್ಲಿ ಮದುವೆಯ ಹಂದರಗಳು ಏಳುತ್ತವೆ. ವಯಸ್ಸು ತುಂಬದ ಹುಡುಗಿಯರೂ ಆ ಹಂದರದಡಿ ಬಂದು ಕೂತುಬಿಡಬಹುದೆಂದು ಅಧಿಕಾರಿಗಳು ಆ ದಿನ ವಿಶೇಷವಾಗಿ ಕಣ್ಣಿಟ್ಟಿರುತ್ತಾರೆ. ಇಂತಹ ಮದುವೆಯೊಂದನ್ನು ತಡೆಯಲು ಹೋದವರಿಗೆ ಎದುರಾಗುವ ಮಾತು ಸಾಮಾನ್ಯವಾಗಿ ಒಂದೇ: “ಹಡೆದವರು ನಾವು, ಸಾಕಿದವರು ನಾವು, ನಡುವೆ ಸರ್ಕಾರದ್ದೇನು?”

ಈ ಪ್ರಶ್ನೆಯನ್ನು ಅಜ್ಞಾನದ ಮಾತೆಂದು ತಳ್ಳಿಹಾಕುವುದು ಸುಲಭ. ಆದರೆ ಅದು ನ್ಯಾಯವಲ್ಲ. ಮಗುವಿನ ಹಸಿವು, ಜ್ವರ, ಹಟ, ಭಯಗಳನ್ನು ಬಲ್ಲವರು ಹೆತ್ತವರೇ ಹೊರತು ತಹಸೀಲ್ದಾರರ ಕಚೇರಿಯಲ್ಲ. ಸರ್ಕಾರವು ಮನೆಯ ಹೊಸ್ತಿಲನ್ನು ದಾಟಿ ಒಳಬರುವಾಗ ಅದಕ್ಕೆ ಕಾರಣ ಕೇಳುವ ಹಕ್ಕು ಮನೆಯವರಿಗೆ ಇದ್ದೇ ಇದೆ. ಆದ್ದರಿಂದ ಆ ಪ್ರಶ್ನೆಗೆ ಉತ್ತರವನ್ನು ಕೊಡಬೇಕು. ಹೆತ್ತವರ ಹಕ್ಕು ಎಂದರೆ ಏನು? ಅದು ಎಲ್ಲಿಯವರೆಗೆ ನಡೆಯುತ್ತದೆ? ವಯಸ್ಸಿನ ಗೆರೆಯನ್ನು ಎಳೆಯುವವರು ಯಾರ ಪರವಾಗಿ ಎಳೆಯುತ್ತಾರೆ? ಇಂದು ಈ ಮೂರು ಮಾತುಗಳನ್ನು ವಿಚಾರ ಮಾಡೋಣ.

ಮೊದಲು ಗೆರೆಗಳನ್ನೇ ನೋಡೋಣ. ಆರರಿಂದ ಹದಿನಾಲ್ಕು ವರ್ಷದವರೆಗಿನ ಮಗುವಿಗೆ ಉಚಿತ ಹಾಗೂ ಕಡ್ಡಾಯ ಶಿಕ್ಷಣ ದೊರೆಯಬೇಕೆಂದು ೨೦೦೨ರಲ್ಲಿ ಸಂವಿಧಾನಕ್ಕೆ ತಂದ ೮೬ನೆಯ ತಿದ್ದುಪಡಿ ಹೇಳುತ್ತದೆ. ಹದಿನಾಲ್ಕರೊಳಗಿನ ಮಗುವನ್ನು ದುಡಿಮೆಗೆ ಹಚ್ಚುವಂತಿಲ್ಲ. ಹದಿನೆಂಟರೊಳಗಿನವರನ್ನು ಅಪಾಯದ ಉದ್ಯೋಗಗಳಿಗೆ ಹಚ್ಚುವಂತಿಲ್ಲ. ಮತ ಹಾಕಲು ಹದಿನೆಂಟು ತುಂಬಿರಬೇಕು. ಅದೂ ಹಿಂದೆ ಇಪ್ಪತ್ತೊಂದಾಗಿತ್ತು, ೬೧ನೆಯ ತಿದ್ದುಪಡಿಯಿಂದ ೧೯೮೯ರಲ್ಲಿ ಇಳಿಯಿತು. ಮದುವೆಗೆ ಹುಡುಗಿಗೆ ಹದಿನೆಂಟು, ಹುಡುಗನಿಗೆ ಇಪ್ಪತ್ತೊಂದು. ಹದಿನೇಳು ವರ್ಷ ಹನ್ನೊಂದು ತಿಂಗಳ ಹುಡುಗಿಗೂ ಹದಿನೆಂಟು ತುಂಬಿದವಳಿಗೂ ಬುದ್ಧಿಯಲ್ಲಿ ಏನು ಅಂತರ ಎಂದು ಕೇಳುವವರಿದ್ದಾರೆ. ಏನೂ ಇಲ್ಲ. ಈ ಗೆರೆಗಳು ನಿಸರ್ಗದಲ್ಲಿಲ್ಲ. ಆದರೆ ಹೊಲದ ಬದುವೂ ನಿಸರ್ಗದಲ್ಲಿಲ್ಲ. ಅದನ್ನು ಮನುಷ್ಯರೇ ಹಾಕಿಕೊಂಡದ್ದು. ಬದುವಿಲ್ಲದ ಕಡೆ ಗಟ್ಟಿಗನ ನೇಗಿಲು ಎಲ್ಲಿಯವರೆಗೆ ಹೋಗುವುದೋ ಅದೇ ಎಲ್ಲೆಯಾಗುತ್ತದೆ. ವಯಸ್ಸಿನ ವಿಷಯದಲ್ಲಿಯೂ ಹಾಗೆಯೇ. ಗೆರೆಯೇ ಇಲ್ಲದಿದ್ದರೆ ಪ್ರತಿಯೊಂದು ಮನೆಯಲ್ಲಿಯೂ ‘ಈಕೆ ದೊಡ್ಡವಳಾದಳು’ ಎಂದು ತೀರ್ಮಾನಿಸುವವರು ಆಕೆಗಿಂತ ಬಲವುಳ್ಳವರೇ ಆಗಿರುತ್ತಾರೆ.

ವಯಸ್ಸಿನ ಗೆರೆ ಎಂಬುದು ಪಶ್ಚಿಮದಿಂದ ಬಂದ ಸರಕು ಎಂಬ ಭಾವನೆ ನಮ್ಮಲ್ಲಿದೆ. ಅದು ಪೂರ್ಣ ನಿಜವಲ್ಲ. ಹದಿನಾರು ವರ್ಷದವರೆಗಿನವನು ಬಾಲನೆಂದು, ಅವನ ವ್ಯವಹಾರಗಳು ಅವನನ್ನು ಕಟ್ಟಿಹಾಕಲಾರವೆಂದು ನಮ್ಮ ಧರ್ಮಶಾಸ್ತ್ರಕಾರರು ಹೇಳಿದ್ದಾರೆ. ತಂದೆಯಿಲ್ಲದ ಬಾಲಕನ ಆಸ್ತಿಯನ್ನು ಅವನು ಪ್ರಾಯಕ್ಕೆ ಬರುವವರೆಗೆ ಅರಸನೇ ಕಾಯಬೇಕೆಂಬುದು ಮನುಸ್ಮೃತಿಯಲ್ಲಿಯೂ ಇದೆ. ಮಗುವಿನ ಪರವಾಗಿ ರಾಜ್ಯವು ನಡುವೆ ನಿಲ್ಲುವುದು, ಅಂದಮೇಲೆ, ನಮಗೆ ಹೊಸದಲ್ಲ.

ಇದಕ್ಕಿಂತ ಹತ್ತಿರದ ಸಾಕ್ಷಿಯೂ ಒಂದಿದೆ. ಚಿಟಗುಪ್ಪದಿಂದ ಹುಮನಾಬಾದ ದಾಟಿ ವಾಯವ್ಯಕ್ಕೆ ನಡೆದರೆ ಸಿಗುವ ಬಸವಕಲ್ಯಾಣವು ಒಂದು ಕಾಲಕ್ಕೆ ಚಾಲುಕ್ಯರ ರಾಜಧಾನಿ. ೧೦೭೬ರಿಂದ ೧೧೨೬ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದನು. ಅದರ ಸಮಾಪ್ತಿಯಲ್ಲಿ ಕಲ್ಯಾಣನಗರವನ್ನೂ ಅದರ ಅರಸನನ್ನೂ ಹೊಗಳಿದ್ದಾನೆ. ಈ ಗ್ರಂಥವು ಬಂಗಾಳ ಮುಂತಾದ ಕೆಲವು ಭಾಗಗಳನ್ನು ಬಿಟ್ಟು ಭಾರತದ ಬಹುಭಾಗದ ಹಿಂದೂ ಕುಟುಂಬಗಳ ದಾಯಭಾಗವನ್ನು ಶತಮಾನಗಳ ಕಾಲ ನಿರ್ಣಯಿಸಿತು. ಅದರ ಮುಖ್ಯ ಸಿದ್ಧಾಂತ ಯಾವುದು? ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಬರುತ್ತದೆ ಎಂಬುದು. ತಂದೆಯು ಸತ್ತ ಮೇಲೆ ಮಾತ್ರ ಮಗನಿಗೆ ಹಕ್ಕು ಎಂದು ಬಂಗಾಳದ ಜೀಮೂತವಾಹನನು ಹೇಳಿದರೆ, ತೊಟ್ಟಿಲಲ್ಲಿ ಮಲಗಿದ ಕೂಸಿಗೂ ತಂದೆಯ ಎದುರು ಒಂದು ಸ್ವಂತ ಹಕ್ಕಿದೆ ಎಂದು ಕಲ್ಯಾಣದ ವಿಜ್ಞಾನೇಶ್ವರನು ಹೇಳಿದನು. ಹುಟ್ಟಿದವರಿಗೂ ಇನ್ನೂ ಹುಟ್ಟದವರಿಗೂ ಜೀವನಾಧಾರ ಬೇಕಾದ್ದರಿಂದ ಆಪತ್ತಿನಂತಹ ಕಾರಣಗಳಿಲ್ಲದೆ ತಂದೆಯು ಹಿರಿಯರ ಭೂಮಿಯನ್ನು ತನ್ನ ಇಚ್ಛೆಯಂತೆ ಕಳೆಯುವಂತಿಲ್ಲ ಎಂಬುದು ಅವನ ವಾದ. ಅವನು ವ್ಯಾಖ್ಯಾನಿಸಿದ ಮೂಲಸ್ಮೃತಿಯಲ್ಲಿಯೇ ಇನ್ನೊಂದು ಮಾತಿದೆ: ತನ್ನದಾದುದನ್ನು ಮನುಷ್ಯನು ದಾನ ಮಾಡಬಹುದು, ಹೆಂಡತಿ ಮಕ್ಕಳನ್ನು ಮಾತ್ರ ಕೊಡುವಂತಿಲ್ಲ.

ಇಷ್ಟು ಹೇಳಿ ಬೆನ್ನು ತಟ್ಟಿಕೊಂಡು ನಿಲ್ಲುವಂತಿಲ್ಲ. ಹುಟ್ಟಿನಿಂದ ಬರುವ ಆ ಹಕ್ಕು ಗಂಡುಮಗನಿಗೆ ಮಾತ್ರ ಇತ್ತು. ಅದು ಹೆಣ್ಣುಮಗಳಿಗೆ ದೊರೆಯಲು ಕರ್ನಾಟಕದಲ್ಲಿ ೧೯೯೪ರ ತಿದ್ದುಪಡಿ ಬರಬೇಕಾಯಿತು. ಇಡೀ ದೇಶಕ್ಕೆ ೨೦೦೫ರಲ್ಲಿ ಬಂತು. ಅಲ್ಲದೆ ಬಾಲಕನ ಹೊಲವನ್ನು ಅಷ್ಟು ಜೋಪಾನವಾಗಿ ಕಾಯಿರೆಂದ ಅದೇ ಶಾಸ್ತ್ರಸಾಹಿತ್ಯವು ಹುಡುಗಿಯನ್ನು ಋತುಮತಿಯಾಗುವ ಮೊದಲೇ ಕೊಟ್ಟುಬಿಡಬೇಕೆಂದು ತಂದೆಯನ್ನು ಅವಸರಪಡಿಸಿತು. ಕಾಯಬೇಕಾದ ವಸ್ತುಗಳ ಪಟ್ಟಿಯಲ್ಲಿ ಹೊಲವಿತ್ತು, ಹುಡುಗಿಯ ಬಾಲ್ಯವಿರಲಿಲ್ಲ. ನಮ್ಮ ಇಂದಿನ ವಿವಾದವೆಲ್ಲ ಈ ಒಂದು ಕೊರತೆಯಿಂದ ಹುಟ್ಟಿದೆ.

ಕಲ್ಯಾಣವೇ ಇದಕ್ಕೆ ಎದುರಾದ ಇನ್ನೊಂದು ಕಥೆಯನ್ನೂ ಹೇಳುತ್ತದೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ಸಮಗಾರ ಕುಲದ ಹರಳಯ್ಯನು ತನ್ನ ಮಗನಿಗೆ ಬ್ರಾಹ್ಮಣ ಕುಲದಿಂದ ಬಂದ ಮಧುವರಸನ ಮಗಳನ್ನು ತಂದುಕೊಂಡನೆಂದೂ ವರ್ಣಸಂಕರವಾಯಿತೆಂದು ಬಿಜ್ಜಳನ ಆಸ್ಥಾನವು ಇಬ್ಬರು ತಂದೆಯರಿಗೂ ಕ್ರೂರವಾದ ಶಿಕ್ಷೆ ವಿಧಿಸಿತೆಂದೂ ಪರಂಪರೆ ಹೇಳುತ್ತದೆ. ಕನ್ನಡದ ನಾಟಕಕಾರರು ಮತ್ತೆ ಮತ್ತೆ ಕೈಗೆತ್ತಿಕೊಂಡ ಕಥೆ ಇದು. ಇಲ್ಲಿ ಮಕ್ಕಳ ಮದುವೆಯನ್ನು ನಿಶ್ಚಯಿಸಿದವರು ಹೆತ್ತವರು. ಅಡ್ಡ ಬಂದದ್ದು ಪ್ರಭುತ್ವ. ಇದನ್ನು ಕೇಳಿದ ನಾವು ಯಾರೂ ಪ್ರಭುತ್ವದ ಪರವಾಗಿ ನಿಲ್ಲುವುದಿಲ್ಲ. ಹಾಗಾದರೆ ಒಂದು ಮದುವೆಯಲ್ಲಿ ಹೆತ್ತವರ ಪಕ್ಷವನ್ನೂ ಇನ್ನೊಂದರಲ್ಲಿ ಸರ್ಕಾರದ ಪಕ್ಷವನ್ನೂ ಹಿಡಿಯುವುದು ಹೇಗೆ?

ಎರಡಕ್ಕೂ ಇರುವ ವ್ಯತ್ಯಾಸವು ಸ್ಪಷ್ಟವಾದುದು. ಬಿಜ್ಜಳನ ಆಸ್ಥಾನವು ಆ ಇಬ್ಬರಿಗೆ ‘ಎಂದಿಗೂ ಕೂಡದು’ ಎಂದಿತು. ಅವರು ಯಾರ ಹೊಟ್ಟೆಯಲ್ಲಿ ಹುಟ್ಟಿದರು ಎಂಬುದೇ ಅದಕ್ಕೆ ಕಾರಣವಾಗಿತ್ತು. ಹುಟ್ಟನ್ನು ಯಾರೂ ದಾಟಲಾರರು. ವಯಸ್ಸಿನ ಗೆರೆಯು ‘ಈಗ ಬೇಡ’ ಎನ್ನುತ್ತದೆ. ಆ ಗೆರೆಯನ್ನು ಎಲ್ಲರೂ ದಾಟುತ್ತಾರೆ, ಕಾದರೆ ಸಾಕು. ಮೊದಲನೆಯದು ಮಕ್ಕಳ ಆಯ್ಕೆಯನ್ನು ಕಿತ್ತುಕೊಂಡಿತು. ಎರಡನೆಯದು ಆಯ್ಕೆ ಮಾಡಬೇಕಾದವಳು ಬೆಳೆದು ಬರುವವರೆಗೆ ಆಯ್ಕೆಯನ್ನು ಕಾದಿರಿಸುತ್ತದೆ. ಸರ್ಕಾರವು ಮನೆಯೊಳಗೆ ಬಂದಾಗ ನಾವು ಕೇಳಬೇಕಾದ ಪ್ರಶ್ನೆ ಇದು: ಬಂದದ್ದು ಮಗುವಿಗಾಗಿಯೋ, ಪ್ರಭುತ್ವದ ಅಥವಾ ಜಾತಿಯ ಪ್ರತಿಷ್ಠೆಗಾಗಿಯೋ?

ಈಗಿನ ಗೆರೆಯು ಒಂದೇ ದಿನ ಎಳೆದದ್ದಲ್ಲ. ೧೮೯೧ರಲ್ಲಿ ಬ್ರಿಟಿಷ್ ಸರ್ಕಾರವು ಸಮ್ಮತಿಯ ವಯಸ್ಸನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸಿದಾಗ ದೇಶದಲ್ಲಿ ದೊಡ್ಡ ಕೋಲಾಹಲವೆದ್ದಿತು. ಪರಕೀಯ ಸರ್ಕಾರವು ನಮ್ಮ ಮನೆವಾರ್ತೆಯಲ್ಲಿ ಕೈಹಾಕಬಾರದೆಂದು ಲೋಕಮಾನ್ಯ ತಿಲಕರು ವಿರೋಧಿಸಿದರು. ಮೂರು ವರ್ಷಗಳ ಬಳಿಕ, ೧೮೯೪ರಲ್ಲಿ, ಒಡೆಯರ ಮೈಸೂರು ಸಂಸ್ಥಾನವು ತನ್ನದೇ ಕಾನೂನನ್ನು ತಂದಿತು: ಎಂಟು ತುಂಬದ ಹುಡುಗಿಯ ಮದುವೆ ಮಾಡಿಸುವುದು ಅಪರಾಧ, ಐವತ್ತು ದಾಟಿದ ಗಂಡಸು ಹದಿನಾಲ್ಕು ತುಂಬದ ಹುಡುಗಿಯನ್ನು ಮದುವೆಯಾಗುವುದೂ ಅಪರಾಧ. ಎಂಟು ವರ್ಷ ಎಂಬ ಅಂಕಿಯನ್ನು ಇಂದು ಓದಿದರೆ ಮೈ ನಡುಗುತ್ತದೆ. ಅಂದು ಅಷ್ಟು ಕೆಳಗೆ ಎಳೆದ ಗೆರೆಗೂ ಕಾನೂನು ಬೇಕಾಯಿತು ಎಂಬುದರಲ್ಲಿಯೇ ಆ ಕಾಲದ ಸ್ಥಿತಿ ತಿಳಿಯುತ್ತದೆ.

ಅಜಮೇರದ ಹರಬಿಲಾಸ ಶಾರದಾ ಅವರ ಹೆಸರಿನಿಂದ ಪ್ರಸಿದ್ಧವಾದ ೧೯೨೯ರ ಕಾಯಿದೆಯು ಹುಡುಗಿಗೆ ಹದಿನಾಲ್ಕು, ಹುಡುಗನಿಗೆ ಹದಿನೆಂಟು ಎಂದು ನಿಗದಿ ಮಾಡಿತು. ಅದು ೧೯೩೦ರ ಏಪ್ರಿಲ್ ೧ರಂದು ಜಾರಿಗೆ ಬರುವುದೆಂದು ತಿಳಿದೊಡನೆ, ಅಷ್ಟರೊಳಗೆ ಮುಗಿಸಿಬಿಡೋಣವೆಂದು ಜನ ಅವಸರದಿಂದ ಸಾವಿರಾರು ಮಕ್ಕಳ ಮದುವೆಗಳನ್ನು ಮಾಡಿದರು. ಆ ಕಾಯಿದೆ ಬ್ರಿಟಿಷ್ ಇಂಡಿಯಾಕ್ಕೆ ಮಾತ್ರ ಅನ್ವಯಿಸುತ್ತಿತ್ತು. ಚಿಟಗುಪ್ಪದ ಸೀಮೆ ಅಂದು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ೧೯೪೮ರಲ್ಲಿ ಸಂಸ್ಥಾನವು ಭಾರತದಲ್ಲಿ ಸೇರಿದ ಮೇಲೆಯೇ ಆ ಗೆರೆ ಈ ಕಡೆಗೂ ಬಂದದ್ದು. ೧೯೫೬ರಲ್ಲಿ ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಅಂದರೆ ಇಂದಿನ ಕರ್ನಾಟಕದ ಒಂದು ಭಾಗದಲ್ಲಿ ಈ ಗೆರೆಗೆ ನೂರಿಪ್ಪತ್ತೈದು ವರ್ಷಗಳಿಗೂ ಮೀರಿದ ಚರಿತ್ರೆಯಿದ್ದರೆ, ಇನ್ನೊಂದು ಭಾಗಕ್ಕೆ ಅದು ಬಹಳ ತಡವಾಗಿ ಪರಿಚಯವಾಯಿತು.

ಹೆತ್ತವರ ಹಕ್ಕಿಗೂ ವಯೋಮಿತಿಗೂ ನಡುವೆ ಒಂದು ರಾಜಿಯನ್ನೂ ನಾವು ಪ್ರಯೋಗಿಸಿ ನೋಡಿದ್ದೇವೆ ಎಂಬುದು ಅನೇಕರಿಗೆ ಮರೆತುಹೋಗಿದೆ. ೧೯೫೫ರ ಹಿಂದೂ ವಿವಾಹ ಕಾಯಿದೆಯಲ್ಲಿ ವಧುವಿಗೆ ಹದಿನೈದು ತುಂಬಿರಬೇಕೆಂದಿತ್ತು. ಹದಿನೆಂಟು ತುಂಬಿಲ್ಲದಿದ್ದರೆ ಪೋಷಕರ ಒಪ್ಪಿಗೆ ಬೇಕೆಂದಿತ್ತು. ಹುಡುಗಿ ಮೋಸಹೋಗದಂತೆ ಹಿರಿಯರು ನೋಡಿಕೊಳ್ಳಲಿ ಎಂಬುದು ಉದ್ದೇಶ. ಆದರೆ ಒತ್ತಾಯ ಮಾಡುವವರೇ ಹಿರಿಯರಾದಾಗ ಅವರ ಒಪ್ಪಿಗೆಯು ಹುಡುಗಿಗೆ ಯಾವ ರಕ್ಷಣೆ ಕೊಟ್ಟೀತು? ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು? ೧೯೭೮ರಲ್ಲಿ ವಯಸ್ಸನ್ನು ಹದಿನೆಂಟು ಮತ್ತು ಇಪ್ಪತ್ತೊಂದಕ್ಕೆ ಏರಿಸಿ ಆ ಒಪ್ಪಿಗೆಯ ಕಲಮನ್ನು ತೆಗೆದುಹಾಕಿದರು. ಇಂಗ್ಲೆಂಡಿನಲ್ಲಿ ಹೆತ್ತವರ ಒಪ್ಪಿಗೆಯಿಂದ ಹದಿನಾರಕ್ಕೇ ಮದುವೆಯಾಗಬಹುದೆಂಬ ವಿನಾಯಿತಿ ೨೦೨೩ರ ಫೆಬ್ರವರಿಯವರೆಗೂ ಉಳಿದಿತ್ತು. ಆ ಒಪ್ಪಿಗೆಯೇ ಬಲವಂತಕ್ಕೆ ಬಾಗಿಲಾಗುತ್ತಿದೆ ಎಂಬ ಕಾರಣಕ್ಕಾಗಿ ಅಲ್ಲಿಯೂ ಅದನ್ನು ಮುಚ್ಚಿದರು. ಈ ವಿಷಯದಲ್ಲಿ ನಾವು ಅವರಿಗಿಂತ ನಲವತ್ತನಾಲ್ಕು ವರ್ಷ ಮುಂದಿದ್ದೆವು.

ಶಾರದಾ ಕಾಯಿದೆಗೆ ಇನ್ನೊಂದು ದೌರ್ಬಲ್ಯವಿತ್ತು. ಮದುವೆ ಮಾಡಿಸಿದವರಿಗೆ ಅಲ್ಪಸ್ವಲ್ಪ ಶಿಕ್ಷೆಯಾದರೂ ಮದುವೆ ಮಾತ್ರ ಊರ್ಜಿತವಾಗಿಯೇ ಉಳಿಯುತ್ತಿತ್ತು. ೨೦೦೬ರ ಬಾಲ್ಯವಿವಾಹ ನಿಷೇಧ ಕಾಯಿದೆಯು, ಬಾಲ್ಯದಲ್ಲಿ ಮದುವೆಯಾದವರು ಪ್ರಾಯಕ್ಕೆ ಬಂದ ಎರಡು ವರ್ಷದೊಳಗೆ ಬೇಡವೆಂದರೆ ಅದನ್ನು ರದ್ದು ಮಾಡಿಸಿಕೊಳ್ಳಬಹುದೆಂದು ಹೇಳಿತು. ಕರ್ನಾಟಕವು ತನ್ನ ೨೦೧೬ರ ತಿದ್ದುಪಡಿಯ ಮೂಲಕ ಇನ್ನೂ ಮುಂದೆ ಹೋಯಿತು: ಇಂತಹ ಮದುವೆ ಮೊದಲಿನಿಂದಲೇ ಶೂನ್ಯ, ಆಗಿಯೇ ಇಲ್ಲ ಎಂದು ಲೆಕ್ಕ. ೨೦೧೭ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು, ಹದಿನೆಂಟರೊಳಗಿನ ಪತ್ನಿಗೂ ಕಾನೂನಿನ ರಕ್ಷಣೆ ಇದೆಯೆಂದು ತೀರ್ಪು ಕೊಡುವಾಗ ಕರ್ನಾಟಕದ ಈ ಹೆಜ್ಜೆಯನ್ನು ಮೆಚ್ಚಿಕೊಂಡಿತು. ಆದರೆ ಬೀದರ ಜಿಲ್ಲೆಯ ಒಂದು ಮಗ್ಗುಲಿಗೆ ಮಹಾರಾಷ್ಟ್ರ, ಇನ್ನೊಂದು ಮಗ್ಗುಲಿಗೆ ತೆಲಂಗಾಣ. ನಂಟಸ್ತನಗಳು ಮೂರೂ ಕಡೆ ಹರಡಿವೆ. ಗಡಿಯ ಈಚೆ ಶೂನ್ಯವಾದ ಮದುವೆಯು ಆಚೆಯ ಕಾನೂನಿನಲ್ಲಿ ರದ್ದು ಮಾಡಿಸಿಕೊಳ್ಳಬಹುದಾದ ಮದುವೆ ಮಾತ್ರ. ಕಾನೂನು ಎಷ್ಟು ಗಟ್ಟಿಯಾದರೂ ಗಡಿಕಲ್ಲಿನ ಬಳಿ ಅದರ ದನಿ ತಗ್ಗುತ್ತದೆ.

ಇಷ್ಟಾದ ಮೇಲೆ ಮೂಲಪ್ರಶ್ನೆಗೆ ಬರೋಣ. ಹೆತ್ತವರ ಹಕ್ಕು ಯಾವ ಜಾತಿಯ ಹಕ್ಕು? ಮೈನರ್ ಮಗುವಿನ ಹೆಸರಿನಲ್ಲಿ ಎರಡು ಎಕರೆ ಹೊಲವಿದೆ ಎಂದು ಇಟ್ಟುಕೊಳ್ಳಿ. ತಂದೆಯೇ ಸಹಜ ಪೋಷಕನಾದರೂ ನ್ಯಾಯಾಲಯದ ಅನುಮತಿಯಿಲ್ಲದೆ ಅದನ್ನು ಮಾರುವಂತಿಲ್ಲವೆಂದು ೧೯೫೬ರ ಹಿಂದೂ ಅಪ್ರಾಪ್ತವಯಸ್ಕರ ಪೋಷಕತ್ವ ಕಾಯಿದೆ ಹೇಳುತ್ತದೆ. ಮೈನರ್ ಮಾಡಿಕೊಟ್ಟ ಸಾಲಪತ್ರವು ಕೇವಲ ಕಾಗದವೆಂದು ಪ್ರಿವಿ ಕೌನ್ಸಿಲ್ ೧೯೦೩ರಲ್ಲಿಯೇ ತೀರ್ಮಾನಿಸಿದೆ. ಈ ಎರಡನ್ನೂ ಯಾರೂ ಹೆತ್ತವರ ಹಕ್ಕಿಗೆ ಅಪಚಾರವೆಂದು ದೂರುವುದಿಲ್ಲ. ‘ಮಗುವಿನ ಸ್ವತ್ತು, ಜೋಪಾನವಾಗಿರಲಿ’ ಎಂದು ಎಲ್ಲರೂ ಒಪ್ಪುತ್ತಾರೆ. ಮಗುವಿನ ಹೊಲವನ್ನು ಕೋರ್ಟಿಗೆ ಹೇಳದೆ ಕೊಡಲಾಗದ ತಂದೆಯು ಮಗುವನ್ನೇ ಕೊಡಬಹುದು ಎಂದರೆ, ಹೊಲಕ್ಕಿರುವ ಬೆಲೆ ಹುಡುಗಿಗಿಲ್ಲ ಎಂದಂತಾಯಿತು. ವಿಜ್ಞಾನೇಶ್ವರನ ಕಾಲದಿಂದ ಬಂದ ಕೊರತೆ ಇದೇ. ಇಂದಿನ ಕಾನೂನು ಅದನ್ನು ತುಂಬಲು ಮಾಡಿದ ಪ್ರಯತ್ನವೇ ವಯೋಮಿತಿ.

ಹೆತ್ತವರಲ್ಲಿರುವುದು ಇಡುಗಂಟು. ಬೇರೆಯವರ ಗಂಟನ್ನು ಇಟ್ಟುಕೊಂಡವನು ಅದನ್ನು ಕಾಯಬಹುದು, ಬೆಳೆಸಬಹುದು. ಒಡೆಯ ಬಂದು ಕೇಳಿದಾಗ ಹಿಂದಿರುಗಿಸಬೇಕು. ಮಗುವಿನ ಬಾಳೆಂಬ ಗಂಟಿಗೆ ಒಡೆಯರು ನಾಳೆ ಬರುವ ಆ ಹುಡುಗಿ, ಆ ಹುಡುಗ. ನಮ್ಮ ಸಂವಿಧಾನವು ಹೆತ್ತವರನ್ನು ಹೆಸರಿಟ್ಟು ಕರೆಯುವುದು ಮೂಲಭೂತ ಕರ್ತವ್ಯಗಳ ಪಟ್ಟಿಯಲ್ಲಿ. ಆರರಿಂದ ಹದಿನಾಲ್ಕರ ಮಗುವಿಗೆ ಶಿಕ್ಷಣದ ಅವಕಾಶ ಕಲ್ಪಿಸುವುದು ತಂದೆ, ತಾಯಿ, ಪೋಷಕರ ಕರ್ತವ್ಯವೆಂದು ಅಲ್ಲಿ ಬರೆದಿದೆ. ಆ ಕರ್ತವ್ಯವನ್ನು ನೆರವೇರಿಸಲು ಬೇಕಾದಷ್ಟು ಅಧಿಕಾರ ಅವರಿಗಿರಬೇಕು, ಇದೆ. ಯಾವ ಶಾಲೆ, ಯಾವ ಭಾಷೆ, ಯಾವ ದೇವರು, ಏನು ಊಟ, ಎಷ್ಟು ಶಿಸ್ತು ಎಂಬುದೆಲ್ಲ ಅವರಿಗೇ ಬಿಟ್ಟದ್ದು. ಅಲ್ಲಿ ಅವರು ತಪ್ಪಿದರೂ ಮಗು ಬೆಳೆದು ತಿದ್ದಿಕೊಳ್ಳಬಹುದು. ಹದಿನಾಲ್ಕರ ಮದುವೆ, ಹದಿನೈದರ ಹೆರಿಗೆ, ಅರ್ಧಕ್ಕೆ ಬಿಟ್ಟ ಶಾಲೆ ಇವನ್ನು ಬೆಳೆದ ಮೇಲೆ ತಿದ್ದಿಕೊಳ್ಳಲಾಗದು. ಹಿಂದಿರುಗಿಸಲಾಗದ ರೀತಿಯಲ್ಲಿ ಗಂಟನ್ನು ಕಳೆಯಬಾರದು. ವಯಸ್ಸಿನ ಗೆರೆಯ ಅರ್ಥ ಇಷ್ಟೇ.

ಈ ಅಳತೆಗೋಲನ್ನು ಹಿಡಿದರೆ ಸರ್ಕಾರ ಎಲ್ಲಿ ಬಗ್ಗಬೇಕೆಂಬುದೂ ತಿಳಿಯುತ್ತದೆ. ಒಂದನೆಯ ತರಗತಿಗೆ ಸೇರಲು ಆರು ವರ್ಷ ತುಂಬಿರಬೇಕೆಂದು ಕರ್ನಾಟಕವು ೨೦೨೨ರಲ್ಲಿ ಆದೇಶ ಮಾಡಿ, ಅದನ್ನು ೨೦೨೫-೨೬ಕ್ಕೆ ಮುಂದೂಡಿತು. ಆಗಲೇ ಮಕ್ಕಳನ್ನು ಶಿಶುವಿಹಾರಕ್ಕೆ ಸೇರಿಸಿದ್ದ ತಂದೆತಾಯಿಗಳು, ಕೆಲವೇ ವಾರಗಳ ಕೊರತೆಗಾಗಿ ಒಂದು ವರ್ಷ ಹಾಳಾಗುವುದೆಂದು ಮೊರೆಯಿಟ್ಟರು. ೨೦೨೫ರ ಏಪ್ರಿಲಿನಲ್ಲಿ ಸರ್ಕಾರವು ಆ ಒಂದು ಸಾಲಿಗೆ ಮಾತ್ರ ಐದು ವರ್ಷ ಐದು ತಿಂಗಳೆಂದು ಸಡಿಲಿಸಿತು. ಇದು ಸೋಲಲ್ಲ, ವಿವೇಕ. ಇಲ್ಲಿ ಗೆರೆ ಸ್ವಲ್ಪ ಸರಿದರೆ ಮಗುವಿಗೆ ತಿದ್ದಲಾಗದ ಕೇಡೇನೂ ಇಲ್ಲ. ಬಾಲಕಾರ್ಮಿಕ ಕಾಯಿದೆಗೆ ೨೦೧೬ರಲ್ಲಿ ಆದ ತಿದ್ದುಪಡಿಯೂ ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ ಮಗು ಮನೆಯವರಿಗೆ ಕೆಲಸದಲ್ಲಿ ಕೈಗೂಡಿಸಲು ಅವಕಾಶವಿಟ್ಟಿದೆ. ತೊಗರಿಯ ರಾಶಿಯ ಬಳಿ ತಂದೆಗೆ ನೆರವಾಗುವ ಹುಡುಗನನ್ನು ಅದು ತಡೆಯುವುದಿಲ್ಲ. ಶಾಲೆ ಬಿಡಿಸಿ ಅವನನ್ನು ಕಬ್ಬು ಕಡಿಯುವ ಗುಂಪಿನೊಡನೆ ಕಳಿಸುವುದನ್ನು ತಡೆಯುತ್ತದೆ. ಆದರೂ ಈ ವಿನಾಯಿತಿ ದುರುಪಯೋಗವಾಗಬಹುದೆಂಬ ಟೀಕೆಯಲ್ಲಿ ಹುರುಳಿದೆ.

ಗೆರೆಯು ತಪ್ಪು ಕೈಗೆ ಸಿಕ್ಕಿ ದೊಣ್ಣೆಯಾಗುವುದೂ ಉಂಟು. ೨೦೧೨ರ ಪೋಕ್ಸೊ ಕಾಯಿದೆಯಿಂದ ಸಮ್ಮತಿಯ ವಯಸ್ಸು ಹದಿನಾರರಿಂದ ಹದಿನೆಂಟಕ್ಕೆ ಏರಿತು. ಹದಿನಾರು, ಹದಿನೇಳರ ಮಗಳು ತಾನೇ ಮೆಚ್ಚಿದವನೊಡನೆ ಹೋದಾಗ, ಅದರಲ್ಲಿಯೂ ಅವನು ಬೇರೆ ಜಾತಿಯವನಾದಾಗ, ಅದೇ ಹೆತ್ತವರು ಅದೇ ಕಾನೂನನ್ನು ಹುಡುಕಿಕೊಂಡು ಠಾಣೆಗೆ ಹೋಗುತ್ತಾರೆ. ಇಂತಹ ಪ್ರಕರಣಗಳನ್ನು ಕಂಡು ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠವು ೨೦೨೨ರ ನವೆಂಬರಿನಲ್ಲಿ ಸಮ್ಮತಿಯ ವಯಸ್ಸನ್ನು ಮರುಪರಿಶೀಲಿಸುವಂತೆ ಕಾನೂನು ಆಯೋಗಕ್ಕೆ ಸೂಚಿಸಿತು. ವಯಸ್ಸನ್ನು ಇಳಿಸುವುದು ಬೇಡ, ಹದಿನಾರರಿಂದ ಹದಿನೆಂಟರ ನಡುವಿನವರ ವಿಷಯದಲ್ಲಿ ನ್ಯಾಯಾಧೀಶರಿಗೆ ವಿವೇಚನೆಯ ಅವಕಾಶವಿರಲಿ ಎಂದು ಆಯೋಗವು ೨೦೨೩ರ ತನ್ನ ೨೮೩ನೆಯ ವರದಿಯಲ್ಲಿ ಹೇಳಿತು. ತನಗೆ ಬೇಕಾದ ಮದುವೆಗೆ ಹದಿನಾರಾದರೂ ಸಾಕು, ಬೇಡವಾದ ಪ್ರೀತಿಗೆ ಹದಿನೆಂಟೂ ಸಾಲದು ಎನ್ನುವ ತಂದೆಯು ಮಗಳ ವಯಸ್ಸನ್ನು ಎಣಿಸುತ್ತಿಲ್ಲ. ತನ್ನ ಅಧಿಕಾರವನ್ನು ಎಣಿಸುತ್ತಿದ್ದಾನೆ. ಹುಡುಗಿಯರ ಮದುವೆಯ ವಯಸ್ಸನ್ನು ಇಪ್ಪತ್ತೊಂದಕ್ಕೆ ಏರಿಸುವ ಮಸೂದೆಯೊಂದು ೨೦೨೧ರಲ್ಲಿ ಲೋಕಸಭೆಗೆ ಬಂದು, ೨೦೨೪ರಲ್ಲಿ ಆ ಸಭೆಯ ಅವಧಿಯೊಡನೆ ಬಿದ್ದುಹೋಯಿತು. ಮತ ಹಾಕಿ ಸರ್ಕಾರವನ್ನು ಆರಿಸುವವಳು ಬಾಳಸಂಗಾತಿಯನ್ನು ಆರಿಸಲಾರಳೆ ಎಂಬ ಆಕ್ಷೇಪಣೆಗೆ ಸರಿಯಾದ ಉತ್ತರ ಅಂದು ಬರಲಿಲ್ಲ. ಗೆರೆಯು ಬಹಳ ಕೆಳಗಿದ್ದರೆ ಮಗು ಕೆಡುತ್ತದೆ; ಬಹಳ ಮೇಲಿದ್ದರೆ ಪ್ರಾಯದವರನ್ನೂ ಮಗುವಾಗಿಸುತ್ತದೆ.

ಹದಿನಾರು ತುಂಬಿದ ಮಗನನ್ನು ಗೆಳೆಯನಂತೆ ಕಾಣಬೇಕೆಂಬ ಸುಭಾಷಿತವು ನಮ್ಮ ಹಿರಿಯರ ಬಾಯಲ್ಲಿ ಸದಾ ಇರುವಂಥದು. ಮಗುವಿನ ತಿಳಿವಳಿಕೆ ಬೆಳೆದಂತೆಲ್ಲ ಹೆತ್ತವರ ಅಧಿಕಾರ ಕರಗುತ್ತದೆ ಎಂಬ ತತ್ವವನ್ನು ಇಂಗ್ಲೆಂಡಿನ ಅತ್ಯುನ್ನತ ನ್ಯಾಯಪೀಠವು ೧೯೮೫ರಲ್ಲಿ ಗಿಲಿಕ್ ಮೊಕದ್ದಮೆಯಲ್ಲಿ ಎತ್ತಿಹಿಡಿಯಿತು. ವಿಶ್ವಸಂಸ್ಥೆಯ ೧೯೮೯ರ ಮಕ್ಕಳ ಹಕ್ಕುಗಳ ಒಡಂಬಡಿಕೆಯಲ್ಲಿಯೂ ಅದೇ ತತ್ವವಿದೆ. ಭಾರತ ಅದನ್ನು ೧೯೯೨ರಲ್ಲಿ ಒಪ್ಪಿಕೊಂಡಿತು. ಹೊಸ ಯಂತ್ರಗಳು ಹಳೆಯ ಪ್ರಶ್ನೆಯನ್ನೇ ಮತ್ತೆ ತಂದಿವೆ. ಹದಿನಾರರೊಳಗಿನವರು ಸಾಮಾಜಿಕ ಜಾಲತಾಣಗಳಲ್ಲಿ ಖಾತೆ ಇಟ್ಟುಕೊಳ್ಳುವಂತಿಲ್ಲ ಎಂಬ ಆಸ್ಟ್ರೇಲಿಯದ ಕಾನೂನು ೨೦೨೫ರ ಡಿಸೆಂಬರ್ ೧೦ರಿಂದ ಜಾರಿಗೆ ಬಂತು. ತಂದೆತಾಯಿ ಒಪ್ಪಿದರೂ ಅಲ್ಲಿ ವಿನಾಯಿತಿಯಿಲ್ಲ. ಭಾರತದ ೨೦೨೩ರ ವೈಯಕ್ತಿಕ ದತ್ತಾಂಶ ಕಾಯಿದೆಯು ಹದಿನೆಂಟರೊಳಗಿನವರ ವಿಷಯದಲ್ಲಿ ಹೆತ್ತವರ ಒಪ್ಪಿಗೆಯ ದಾರಿಯನ್ನೇ ಹಿಡಿದಿದೆ. ಯಾವುದು ಮೇಲು ಎ೦ಬುದನ್ನು ಅನುಭವ ಹೇಳಬೇಕು. ಕೇಳಬೇಕಾದ ಪ್ರಶ್ನೆ ಮಾತ್ರ ಅದೇ: ಆಗುವ ಹಾನಿಯನ್ನು ಮಗು ಬೆಳೆದ ಮೇಲೆ ತಿದ್ದಿಕೊಳ್ಳಬಲ್ಲದೆ?

ಇನ್ನು ಹಂದರದಡಿ ನಿಂತ ತಂದೆಯ ಮಾತನ್ನು ಪೂರ್ತಿಯಾಗಿ ಕೇಳಿಸಿಕೊಳ್ಳಬೇಕು. ಬೆಳೆದ ಮಗಳೆಂದರೆ ಮಡಿಲಲ್ಲಿ ಕಟ್ಟಿಕೊಂಡ ಕೆಂಡ ಎನ್ನುವವನು ಕಟುಕನಲ್ಲ. ದುಡಿಮೆಗಾಗಿ ಗುಳೆ ಹೋಗುವಾಗ ಅವಳನ್ನು ಯಾರ ಬಳಿ ಬಿಡುವುದು? ಹತ್ತನೆಯ ತರಗತಿಯ ನಂತರದ ಕಾಲೇಜು ಊರಿನಿಂದ ದೂರ, ಬಸ್ಸು ಹೊತ್ತಿಗೆ ಸರಿಯಾಗಿ ಬಾರದು. ಅಕ್ಕನ ಮದುವೆಯ ಹಂದರದಲ್ಲೇ ತಂಗಿಯದೂ ಮುಗಿದರೆ ಒಂದು ಖರ್ಚು ಉಳಿಯಿತು. ಓದಿದಷ್ಟೂ ವಯಸ್ಸು, ವಯಸ್ಸಾದಷ್ಟೂ ವರದಕ್ಷಿಣೆ. ಈ ಲೆಕ್ಕಾಚಾರವನ್ನು ಬದಲಿಸದೆ ಬರೀ ಗೆರೆ ಎಳೆದರೆ ಏನಾಗುತ್ತದೆ ಎಂಬುದಕ್ಕೆ ಅಂಕಿಗಳೇ ಸಾಕ್ಷಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ೨೦ರಿಂದ ೨೪ರ ವಯಸ್ಸಿನ ಮಹಿಳೆಯರಲ್ಲಿ ಹದಿನೆಂಟರೊಳಗೆ ಮದುವೆಯಾದವರು ದೇಶದಲ್ಲಿ ೨೦೦೫-೦೬ರಲ್ಲಿ ಶೇಕಡಾ ೪೭.೪ ಇದ್ದವರು ೨೦೧೯-೨೧ರ ಹೊತ್ತಿಗೆ ೨೩.೩ಕ್ಕೆ ಇಳಿದರು. ಇದು ದೊಡ್ಡ ಸಾಧನೆ. ಆದರೆ ಕರ್ನಾಟಕದಲ್ಲಿ ೨೦೧೫-೧೬ರಲ್ಲಿ ೨೧.೪ ಇದ್ದದ್ದು ೨೦೧೯-೨೧ರಲ್ಲಿ ೨೧.೩. ದೇಶದಲ್ಲಿಯೇ ಬಿಗಿಯಾದ ಕಾನೂನನ್ನು ಮಾಡಿದ ನಾಡಿನಲ್ಲಿ ಆ ಅವಧಿಯಲ್ಲಿ ಅಂಕಿ ನಿಂತಲ್ಲಿಯೇ ನಿಂತಿತು. ಐವರಲ್ಲಿ ಒಬ್ಬಳ ಮಾತು ಇದು.

ಆದ್ದರಿಂದ ‘ನಡುವೆ ಸರ್ಕಾರದ್ದೇನು?’ ಎಂಬ ಪ್ರಶ್ನೆಗೆ ಎರಡು ಉತ್ತರಗಳನ್ನು ಒಟ್ಟಿಗೆ ಕೊಡಬೇಕಾಗುತ್ತದೆ. ಮೊದಲನೆಯದು: ನಿಮ್ಮ ಮಗಳಿಗೆ ನಿಮ್ಮ ಎದುರಿನಲ್ಲಿಯೂ ಒಂದು ಹಕ್ಕಿದೆ, ಅದನ್ನು ಕೇಳುವ ದನಿ ಅವಳಿಗೆ ಬರುವವರೆಗೆ ಯಾರಾದರೂ ಅವಳ ಪರವಾಗಿ ನಿಲ್ಲಲೇಬೇಕು. ೧೦೯೮ ಎಂಬ ಸಂಖ್ಯೆಗೆ ದೂರವಾಣಿ ಮಾಡಿ ತನ್ನ ಮದುವೆಯನ್ನು ತಾನೇ ನಿಲ್ಲಿಸಿಕೊಳ್ಳುವ ಹುಡುಗಿಯ ಬೆನ್ನಿಗೆ ಇರುವುದು ಆ ಗೆರೆಯೊಂದೇ. ಎರಡನೆಯ ಉತ್ತರವನ್ನು ಸರ್ಕಾರ ಕೆಲಸದಲ್ಲಿ ಕೊಡಬೇಕು. ‘ಈಗ ಬೇಡ, ಕಾಯಿರಿ’ ಎಂದು ಹೇಳಿದವರು ಕಾಯುವ ಆ ನಾಲ್ಕು ವರ್ಷ ಹುಡುಗಿ ಎಲ್ಲಿರಬೇಕು ಎಂಬುದನ್ನೂ ಹೇಳಬೇಕು. ಹುಮನಾಬಾದ ತಾಲ್ಲೂಕಿನಿಂದ ಬೇರೆಯಾಗಿ ಚಿಟಗುಪ್ಪವೇ ಈಗ ತಾಲ್ಲೂಕಿನ ಕೇಂದ್ರವಾಗಿದೆ. ಕಚೇರಿ ಜನರ ಹತ್ತಿರ ಬಂದಿದೆ. ಕಚೇರಿ ಬಂದಷ್ಟೇ ಹತ್ತಿರಕ್ಕೆ ಹುಡುಗಿಯರ ವಸತಿನಿಲಯವೂ ಕಾಲೇಜೂ ಸಂಜೆಯ ಬಸ್ಸೂ ಬರಬೇಕು. ಹೆಣ್ಣುಮಗಳು ಹದಿನೆಂಟರವರೆಗೆ ಓದುತ್ತ, ಸುರಕ್ಷಿತವಾಗಿ, ಯಾರಿಗೂ ಹೊರೆಯಾಗದೆ ಇರುವ ಜಾಗವೊಂದನ್ನು ತೋರಿಸಿದರೆ, ಗೆರೆಯನ್ನು ದಾಟುವ ಅವಸರ ಹೆಚ್ಚಿನ ತಂದೆತಾಯಿಗಳಿಗೆ ಇರುವುದಿಲ್ಲ.